ಮನೆ ಕಾಯುವ ಹೊಗೆ ಗಂಟೆ

ಮೌಳಂಗಿಯಂಥ ಕಾಡಂಚಿನ ಊರುಗಳ ತೋಟದ ಮನೆಗಳಲ್ಲಿ ಕೊಯ್ಲಿನ ಕಾಲಕ್ಕೆ ಬೆಂಕಿಗೆ ಆಹಾರ ಹೇರಳ. ಅಡಿಕೆ ಬೇಯಿಸುವ ಒಲೆ, ಬಚ್ಚಲೊಲೆ, ಅಟ್ಟದ ಒಣಹುಲ್ಲು, ಮೂಲೆಯಲ್ಲಿ ಅಡಿಕೆ ಸಿಪ್ಪೆ, ಗೋಣಿಚೀಲ. ಸಿಪ್ಪೆಯ ರಾಶಿಗೆ ಬಿದ್ದ ಒಂದು ಕೆಂಡ ಉರಿಯೇಳದೆ ತಾಸುಗಟ್ಟಲೆ ಹೊಗೆಯಾಡಬಲ್ಲದು.

ಉರಿಗಿಂತ ಮೊದಲು ಕೊಲ್ಲುವುದು ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ದಟ್ಟ ಹೊಗೆ ಮೇಲಂತಸ್ತುಗಳನ್ನು ತುಂಬಿ 9 ಮಂದಿ ಸತ್ತರು. ತಾಳಲಾರದೆ ಮೇಲಿನಿಂದ ಹಾರಿದವರೂ ಅವರಲ್ಲಿದ್ದರು. ಮಲಗಿದವರನ್ನು ಹೊಗೆಯ ವಾಸನೆ ಎಬ್ಬಿಸುವುದೆಂಬ ಭರವಸೆಯಿಲ್ಲ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗಂತೂ ವಾಸನೆಯೇ ಇಲ್ಲ. ಆದ್ದರಿಂದಲೇ ಸ್ಮೋಕ್ ಅಲಾರಂ ಬೇಕು.

ಯಾವುದು ಯೋಗ್ಯ? ಬೆಳಕಿನ ಕಿರಣದಿಂದ ಹೊಗೆಯನ್ನು ಗುರುತಿಸುವ 'ಫೋಟೋಎಲೆಕ್ಟ್ರಿಕ್' ಬಗೆಯದು ಸಿಪ್ಪೆ, ಗೋಣಿ, ಹಾಸಿಗೆಗಳ ಮಂದ ಬೆಂಕಿಯನ್ನು ಬೇಗ ಹಿಡಿಯುತ್ತದೆ. ಕಟ್ಟಿಗೆ ಒಲೆಯಿರುವ ಅಡಿಗೆಮನೆಗೆ ಇದು ಸಲ್ಲದು. ದಿನವೂ ಸುಮ್ಮನೆ ಕೂಗೀತು. ಅಲ್ಲಿಗೆ ಶಾಖಕ್ಕೆ ಕೂಗುವ ಹೀಟ್ ಅಲಾರಂ ಹಾಕತಕ್ಕದ್ದು. ಅಡಿಗೆ ಅನಿಲದ ಸೋರಿಕೆಯನ್ನು ಇವೆರಡೂ ತಿಳಿಸಲಾರವು. ಅದರ ಉಪಕರಣ ಬೇರೆ.

ಎಲ್ಲಿ ಕೂರಿಸಬೇಕು? ಮಲಗುವ ಕೋಣೆಗಳಲ್ಲಿ, ಅವುಗಳ ಹೊರಗಿನ ನಡುಮನೆಯಲ್ಲಿ, ಮಾಳಿಗೆಯಿದ್ದರೆ ಅಲ್ಲಿಯೂ ಒಂದೊಂದು. ಹೊಗೆ ಮೇಲಕ್ಕೇರುವುದರಿಂದ ಮುಚ್ಚಿಗೆಯ ಕೆಳಗೆ, ಗೋಡೆಯ ಮೂಲೆಯಿಂದ ಗೇಣಷ್ಟಾದರೂ ದೂರ ಇರಲಿ. ಒಲೆಯಿಂದ 10 ಅಡಿ ಅಂತರವಿರಲಿ. ಮುಚ್ಚಿಗೆಯಿಲ್ಲದ ಹೆಂಚಿನ ಮಾಡಿನಲ್ಲಿ ಹೊಗೆ ಸಂದುಗಳಿಂದ ಸೋರಿಹೋಗಿ ಗಂಟೆ ತಡವಾದೀತು. ಮುಚ್ಚಿಗೆಯಿರುವ ಕೋಣೆಯನ್ನೇ ಮಲಗಲು ಬಳಸುವುದು ಕ್ಷೇಮ.

ಆರೈಕೆ ಹೇಗೆ? ತಿಂಗಳಿಗೊಮ್ಮೆ ಗುಂಡಿಯೊತ್ತಿ ಸದ್ದು ಕೇಳಿರಿ. ಬದಲಿಸುವ ಬ್ಯಾಟರಿಯಾದರೆ ವರ್ಷಕ್ಕೊಮ್ಮೆ ಹೊಸದು ಹಾಕಿರಿ. ಆಗಾಗ್ಗೆ 'ಚಿಕ್' ಎಂದರೆ ಬ್ಯಾಟರಿ ಮುಗಿಯುತ್ತ ಬಂತೆಂದು ತಿಳಿಯಿರಿ. ಜೇಡರಬಲೆ, ಧೂಳು, ಇರುವೆ, ಮಳೆಗಾಲದ ತೇವ ಇವೇ ಸುಳ್ಳು ಕೂಗಿಗೆ ಕಾರಣ. ಮೃದುವಾದ ಬ್ರಷ್ಷಿನಿಂದ ಒರೆಸಿರಿ. ಬಣ್ಣ ಬಳಿಯಬಾರದು. ಕಾಟವೆಂದು ಬ್ಯಾಟರಿ ಕಿತ್ತಿಡುವುದು ಕಾವಲು ನಾಯಿಯ ಬಾಯಿ ಕಟ್ಟಿದಂತೆ. ತಯಾರಾಗಿ 10 ವರ್ಷ ಕಳೆದ ಉಪಕರಣವನ್ನು ಬದಲಿಸಲೇಬೇಕು.

ಗಂಟೆ ಕೂಗಿದಾಗ ದಾಖಲೆ, ಒಡವೆ ಹುಡುಕದೆ ಎಲ್ಲರೂ ಹೊರಬಂದು ಅಂಗಳದ ಗೊತ್ತಾದ ಜಾಗದಲ್ಲಿ ಸೇರಿ, ತಲೆ ಎಣಿಸಿ, 101 ಅಥವಾ 112ಕ್ಕೆ ಕರೆಮಾಡಿರಿ. ಮುದುಕರನ್ನೂ ಮಕ್ಕಳನ್ನೂ ಯಾರು ಕರೆತರಬೇಕೆಂಬುದು ಮೊದಲೇ ನಿಶ್ಚಯವಾಗಿರಲಿ.

ಗಂಟೆ ಎಚ್ಚರಿಸುತ್ತದೆ, ಬೆಂಕಿ ಆರಿಸುವುದಿಲ್ಲ. ಒಲೆಯ ಬೂದಿಯನ್ನು ಮುಚ್ಚಳವುಳ್ಳ ತಗಡಿನ ಡಬ್ಬಿಯಲ್ಲಿ ಹೊರಗಿಡುವ ರೂಢಿ ತಪ್ಪದಿರಲಿ. ಬರುವ ಕೊಯ್ಲಿಗೆ ಒಲೆ ಹೂಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿರಿ.