ಮನೆಯ ಶುದ್ಧೀಕರಣವೂ ಸಾಕುಪ್ರಾಣಿಗಳೂ

ಮಾರ್ಚಿ ಎಪ್ರಿಲ್ ತಿಂಗಳುಗಳು ಬಂದುವೆಂದರೆ ನಮ್ಮ ನಾಡಿನ ಮನೆಗಳಲ್ಲಿ ಒಂದು ಗಡಿಬಿಡಿಯು ಪ್ರಾರಂಭವಾಗುವದು. ಕೆಲವರು ಯುಗಾದಿಗೆಂದೂ ಕೆಲವರು ಈಸ್ಟರ್ ಹಬ್ಬಕ್ಕೆಂದೂ ಮಿಕ್ಕವರು ಮಳೆಗಾಲವು ಹಿಡಿಯುವದರೊಳಗೆ ಕೆಲಸ ತೀರಲೆಂದೂ ಅಟ್ಟದ ಸಾಮಾನುಗಳನ್ನು ಅಂಗಳಕ್ಕಿಳಿಸಿ, ಜೇಡರಬಲೆ ಹೊಡೆದು, ಗೋಡೆಗೆ ಸುಣ್ಣ ಬಳಿಯಿಸಿ, ನೆಲವನ್ನು ಫಿನಾಯಿಲಿನಿಂದ ತೊಳೆಯಿಸುವರು. ವಸತಿಗೃಹದಲ್ಲಿದ್ದಾಗ ಶನಿವಾರ ಶನಿವಾರವೂ ಬಕೆಟ್ಟು ಹಿಡಿದು ಸಾಲಾಗಿ ನಿಂತ ನಮಗೆ ಆ ವಾಸನೆಯೇ ಶುಚಿತ್ವದ ಗುರುತಾಗಿ ಮನಸ್ಸಿನಲ್ಲಿ ನೆಲೆಸಿಬಿಟ್ಟಿರುವದು. ನಾಯಿ ಬೆಕ್ಕುಗಳಿಲ್ಲದ ಮನೆಯಲ್ಲಿ ಇದರಿಂದ ಹೆಚ್ಚಿನ ಕೇಡಿಲ್ಲ. ಇರುವ ಮನೆಯ ಸಂಗತಿ ಬೇರೆ.

ಇದನ್ನು ನಾವು ಮೊದಲು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಮನೆಯಲ್ಲಿ ಮುದ್ದಿಯೆಂಬ ಬೆಕ್ಕೊಂದಿತ್ತು. ಒಂದು ಹಬ್ಬದ ಮುಂಚಿನ ದಿವಸ ಬಚ್ಚಲಿಗೆ ಕಪ್ಪು ಫಿನಾಯಿಲನ್ನು ನೀರು ಬೆರಸದೆಯೇ ಸುರಿದು ಬಾಗಿಲನ್ನು ಎಳೆದುಕೊಂಡೆವು; ಅಗಳಿಯನ್ನು ಹಾಕಲಿಲ್ಲ. ಬೆಕ್ಕು ಒಳಹೊಕ್ಕು ಪಾದಗಳನ್ನು ತೋಯಿಸಿಕೊಂಡು ಬಂದು, ತನ್ನ ಜಾತಿಯ ರೂಢಿಯಂತೆ ಜಗಲಿಯ ಮೇಲೆ ಕೂತು ನಾಲ್ಕು ಪಾದಗಳನ್ನೂ ಚೆನ್ನಾಗಿ ನೆಕ್ಕಿಕೊಂಡಿತು. ಸಂಜೆಗೆ ಜೊಲ್ಲು ಸುರಿಯತೊಡಗಿತು. ರಾತ್ರಿ ಮೈ ನಡುಗಿ ಕಾಲು ತೂರಾಡಿತು. ಬಿಸಿಲಿನ ಝಳವೆಂದೆಣಿಸಿ ಹಾಲು ಕುಡಿಸಹೋದೆವು. ಮರುದಿನ ಪಶುವೈದ್ಯರು ಅದರ ಪಾದವನ್ನು ಮೂಸಿ ನೋಡಿದ ಮಾತ್ರಕ್ಕೆ ಸಂಗತಿಯನ್ನು ತಿಳಿದರು. ಆದರೆ ಹೊತ್ತು ಮೀರಿತ್ತು. "ಅಮ್ಮಾ, ಮುದ್ದಿಗೆ ವಿಷ ಹಾಕಿದವರು ಯಾರು?" ಎಂದು ಮಕ್ಕಳು ಕೇಳಿದಾಗ ನಮ್ಮ ಬಾಯಿಂದ ಉತ್ತರವು ಹೊರಡಲಿಲ್ಲ.

ಹೀಗಾದದ್ದು ಯಾಕಂದರೆ, ಕಪ್ಪು ಫಿನಾಯಿಲು ಕಲ್ಲಿದ್ದಲಿನ ಟಾರಿನಿಂದ ದೊರಕುವ ಫೀನಾಲ್ ಜಾತಿಯ ದ್ರವ್ಯಗಳುಳ್ಳದ್ದು. 1865ರಲ್ಲಿ ಜೋಸೆಫ್ ಲಿಸ್ಟರ್ ಎಂಬ ವೈದ್ಯನು ಗಾಯಗಳು ಕೊಳೆಯದಂತೆ ಬಳಸಿದ ಕಾರ್ಬಾಲಿಕ್ ಆಮ್ಲವು ಫೀನಾಲೇ. ಮನುಷ್ಯನ ಮತ್ತು ನಾಯಿಯ ಪಿತ್ತಜನಕಾಂಗವು ಇಂಥ ದ್ರವ್ಯವು ಸ್ವಲ್ಪ ಒಳಸೇರಿದರೆ ಅದಕ್ಕೆ ಗ್ಲುಕುರಾನಿಕ್ ಆಮ್ಲವೆಂಬದನ್ನು ಕೂಡಿಸಿ, ಮೂತ್ರದಲ್ಲಿ ಕರಗಿ ಹೋಗುವಂತೆ ಮಾಡುವದು. ಬೆಕ್ಕಿಗಾದರೋ ಈ ಕೂಡಿಸುವ ಕೆಲಸಕ್ಕೆ ಬೇಕಾದ ಕಿಣ್ವವು ಹುಟ್ಟಿನಿಂದಲೇ ಕೊರತೆಯಾಗಿರುವದು. ವಿಷವು ಹೊರಬೀಳದೆ ದೇಹದಲ್ಲಿಯೇ ಉಳಿಯುವದು. ನಮಗೆ ಜ್ವರವಿಳಿಸುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುವದಕ್ಕೂ ಮುಖ್ಯ ಕಾರಣವು ಇದೇ. ಬಿಳಿ ಫಿನಾಯಿಲು ಪೈನ್ ಮರದ ಎಣ್ಣೆಯಿಂದಾದದ್ದಾದರೂ ಬೆಕ್ಕಿಗೆ ಅದೂ ಆಗದು. ಗಾಯ ತೊಳೆಯುವದಕ್ಕೆ ನಾವು ಬಳಸುವ, ನೀರಿಗೆ ಬಿದ್ದೊಡನೆ ಹಾಲಿನಂತಾಗುವ ಕ್ಲೋರೋಕ್ಸೈಲೆನಾಲ್ ದ್ರವವೂ ಫೀನಾಲಿನ ಬಳಗದ್ದೇ. ಬೆಕ್ಕಿರುವ ಮನೆಯಲ್ಲಿ ನೆಲಕ್ಕೆ ಬಿಸಿನೀರೂ ಸಾಬೂನೂ ಸಾಕು. ಒರಸಿದ ಮೇಲೆ ಬರಿಯ ನೀರಿನಿಂದ ಮತ್ತೊಮ್ಮೆ ಒರಸಿ, ನೆಲವು ಒಣಗುವ ತನಕ ಪ್ರಾಣಿಗಳನ್ನು ಬೇರೆ ಕೋಣೆಯಲ್ಲಿ ಇರಿಸತಕ್ಕದ್ದು.

ಫಿನಾಯಿಲನ್ನು ಬಿಟ್ಟವರು ಬ್ಲೀಚಿಂಗ್ ಪುಡಿಗೆ ಕೈಚಾಚುವರು. ಬಹಳ ನೀರಿನಲ್ಲಿ ಕರಗಿಸಿ, ಬಳಿಕ ತೊಳೆದರೆ ಅದು ಒಳ್ಳೆಯ ಸೇವಕ. ಆದರೆ ಪಾಯಿಖಾನೆ ತೊಳೆಯುವ ಆಸಿಡ್ಡು ಅದರೊಂದಿಗೆ ಬೆರೆತರೆ ಕ್ಲೋರಿನ್ ವಾಯುವು ಹೊರಡುವದು. 1915ರಲ್ಲಿ ಈಪ್ರ್ ಯುದ್ಧರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಈ ವಾಯುವನ್ನೇ. ಇದು ಗಾಳಿಗಿಂತ ಸುಮಾರು ಎರಡೂವರೆ ಪಾಲು ಭಾರವಾದದ್ದು. ಆದಕಾರಣ ನೆಲದ ಬಳಿಯಲ್ಲಿಯೇ ತಂಗುವದು. ನಿಂತು ಕೆಲಸ ಮಾಡುವ ನಮಗೆ ಕಣ್ಣುರಿಯು ತೋರುವದಕ್ಕೆ ಮುಂಚೆಯೇ ನೆಲದ ಮೇಲೆ ಮಲಗಿದ ನಾಯಿಯೂ ಅಂಬೆಗಾಲಿಡುವ ಕೂಸೂ ಅದನ್ನು ಉಸಿರಾಡಿರಬಹುದು. ಇನ್ನೊಂದು ಸಂಗತಿಯುಂಟು. ನಾಯಿಯೋ ಬೆಕ್ಕೋ ಮೂತ್ರ ಮಾಡಿದ ಸ್ಥಳಕ್ಕೆ ನೇರಾಗಿ ಬ್ಲೀಚಿಂಗ್ ಪುಡಿಯನ್ನು ಎರಚಬಾರದು. ಹಳೆಯ ಮೂತ್ರದಲ್ಲಿರುವ ಅಮೋನಿಯದೊಡನೆ ಅದು ಸೇರಿ ಕ್ಲೋರಮೀನ್ ಎಂಬ ಉಸಿರು ಕಟ್ಟಿಸುವ ಹೊಗೆಯಾಗುವದು. ಮೊದಲು ಸಾಬೂನು ನೀರಿನಿಂದ ತೊಳೆದು, ಆಮೇಲೆ ವಿನಿಗರ್ ಬೆರಸಿದ ನೀರಿನಿಂದ ಒರಸಿದರೆ ವಾಸನೆಯೂ ಬಹಳ ಮಟ್ಟಿಗೆ ಹೋಗುವದು. ಆ ವಿನಿಗರೂ ಒಂದು ಆಮ್ಲವೇ ಎಂಬದನ್ನು ಮರೆತು ಬ್ಲೀಚಿನೊಂದಿಗೆ ಬೆರಸಬಾರದು.

ಪೆಟ್ಟಿಗೆಗಳನ್ನು ತೆರೆದು ರೇಷ್ಮೆ ಸೀರೆಗಳನ್ನು ಬಿಸಿಲಿಗೆ ಹಾಕುವಾಗ ಹಳೆಯ ನುಸಿಗುಳಿಗೆಗಳು ನೆಲದ ಮೇಲೆ ಉರುಳುವವು. ನಾಯಿಮರಿಗೆ ಅವು ಆಟದ ಗೋಲಿಗಳು. ಇವು ನ್ಯಾಫ್ತಲೀನಿನವು, ನುಂಗಿದರೆ ರಕ್ತದ ಕೆಂಪು ಕಣಗಳು ಒಡೆಯುವವು. ಕೆಲವು ಮನುಷ್ಯರಿಗೂ ವಂಶಪಾರಂಪರ್ಯವಾಗಿ ಜಿ–6–ಪಿ–ಡಿ ಎಂಬ ಕಿಣ್ವದ ಕೊರತೆಯಿರುವದು. ಅಂಥ ಕೂಸುಗಳಿಗೆ ಈ ಗುಳಿಗೆಯ ಜೊತೆಯಲ್ಲಿಟ್ಟ ಬಟ್ಟೆಯನ್ನು ಹೊದಿಸಿದರೂ ಕೇಡಾಗುವದುಂಟು. ಇದಕ್ಕೆ ಬದಲಾಗಿ ಕರ್ಪೂರವನ್ನಿಡುವೆವೆಂದರೆ ಅದನ್ನು ನುಂಗಿದ ಪ್ರಾಣಿಗೆ ಸೆಳವು ಬರುವದು. ನಮ್ಮ ಅಜ್ಜಿಯರು ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆಗಳನ್ನು ಅರಿವೆಯಲ್ಲಿ ಕಟ್ಟಿಡುತ್ತಿದ್ದದ್ದು ಇಂದಿಗೂ ಒಳ್ಳೆಯದೇ.

ಸುಣ್ಣದ ವಿಷಯದಲ್ಲಿ ಎಚ್ಚರವು ಬೇಕು. ಸುಟ್ಟ ಸುಣ್ಣಕ್ಕೆ ನೀರು ಹೊಯ್ದಾಗ ಅದು ಕುದಿಯುವದನ್ನು ಎಲ್ಲರೂ ಕಂಡಿರುವರು. ತಣಿದ ಮೇಲೆಯೂ ಅದು ಕಣ್ಣನ್ನೂ ಪಾದವನ್ನೂ ಸುಡುವದು. ತೊಟ್ಟಿಗೆ ಹಲಗೆ ಮುಚ್ಚಿಡಿರಿ. ಹಳೆಯ ಬಾಗಿಲುಗಳ ಬಣ್ಣವನ್ನು ಒಣದಾಗಿ ಕೆರೆಯಿಸಬೇಡಿರಿ. ಮುಂಚಿನ ಬಣ್ಣಗಳಲ್ಲಿ ಸೀಸವು ಬಹಳವಾಗಿರುತ್ತಿತ್ತು. ಮನೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಆದದ್ದು 2016ರಲ್ಲಿ. ಕೆರೆದ ಪುಡಿಯು ನಾಯಿಯ ಪಾದಕ್ಕೂ ಕೂಸಿನ ಬೆರಳಿಗೂ ಸಮನಾಗಿ ಹತ್ತುವದು. ರೋಮಕ್ಕೆ ಬಣ್ಣ ತಾಗಿದರೆ ಸೀಮೆ ಎಣ್ಣೆಯನ್ನಾಗಲಿ ಟರ್ಪೆಂಟೈನನ್ನಾಗಲಿ ಮುಟ್ಟಿಸದೆ ಅಡಿಗೆಯ ಎಣ್ಣೆ ತಿಕ್ಕಿ ಸಾಬೂನಿನಿಂದ ತೊಳೆಯಿರಿ, ಇಲ್ಲವೆ ಆ ರೋಮವನ್ನು ಕತ್ತರಿಸಿಬಿಡಿರಿ.

ಪಕ್ಷಿಗಳನ್ನು ಸಾಕುವವರಿಗೆ ಎರಡು ಮಾತು. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಮೇರೆಗೆ ನಮ್ಮ ನಾಡಿನ ಗಿಣಿಯನ್ನು ಪಂಜರದಲ್ಲಿಡುವದು ಅಪರಾಧವಾದ್ದರಿಂದ ಈಗ ಮನೆಗಳಲ್ಲಿರುವವು ಹೆಚ್ಚಾಗಿ ಹೊರದೇಶದ ಮೂಲದ ಪುಟ್ಟ ಹಕ್ಕಿಗಳು. ಪಕ್ಷಿಯ ಪುಪ್ಪುಸವು ನಮ್ಮದಕ್ಕಿಂತ ಚುರುಕಾಗಿ ಗಾಳಿಯಿಂದ ಪ್ರಾಣವಾಯುವನ್ನು ಹೀರುವದು. ವಿಷವನ್ನೂ ಹಾಗೆಯೇ ಹೀರುವದು. ಬಣ್ಣ, ಸೊಳ್ಳೆಯ ಸಿಂಪಡಿಕೆ, ಒಲೆಯ ಮೇಲೆ ಮರೆತು ಕಾಯಿಸಿದ ಅಂಟದ ಬಾಣಲೆಯ ಹೊಗೆ, ಇವು ನಮಗೆ ತಲೆನೋವಾದರೆ ಅವಕ್ಕೆ ಮರಣ. ಪಂಜರವನ್ನು ಆ ದಿನ ನೆರೆಮನೆಯಲ್ಲಿಡುವದೇ ಲೇಸು.

ಉಣ್ಣಿ ಚಿಗಟಗಳಿಗೆ ಮದ್ದು ಹಾಕುವದೂ ಈ ದಿನಗಳಲ್ಲಿಯೇ. ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಔಷಧವು ಬೆಕ್ಕಿಗೆ ಸೆಳವು ತರಿಸಿ ಕೊಲ್ಲುವದು. ಒಂದೇ ಸೀಸೆಯಿಂದ ಇಬ್ಬರಿಗೂ ಹಾಕಿ ಕೆಟ್ಟವರುಂಟು. ಚಿಗಟದ ಮೊಟ್ಟೆಗಳು ರೋಮಕ್ಕೆ ಅಂಟಿರದೆ ನೆಲಕ್ಕೆ ಉದುರುವದರಿಂದ, ಚಾಪೆ ಜಮಖಾನಗಳನ್ನು ಕೊಡವಿ ಬಿಸಿಲಿಗೆ ಹಾಕಿ ಮೂಲೆಗಳನ್ನು ಗುಡಿಸುವದೇ ಅರ್ಧ ಚಿಕಿತ್ಸೆ. ಇಲಿಪಾಷಾಣವನ್ನಂತೂ ತರಲೇಬೇಡಿರಿ. ಕೆಲವು ಬಗೆಯವು ರಕ್ತವು ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುವದರಿಂದ ಕಾರಣವೇ ಮರೆತುಹೋಗಿರುವದು. ಹಬ್ಬದ ಶೃಂಗಾರಕ್ಕೆ ತರುವ ಬಿಳಿ ಈಸ್ಟರ್ ಲಿಲ್ಲಿಯ ಎಲೆ, ಹೂ, ಪರಾಗ ಎಲ್ಲವೂ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸುವವೆಂಬದು ಹಲವರಿಗೆ ತಿಳಿಯದು. ಆ ಹೂವು ದೇವಾಲಯದಲ್ಲಿಯೇ ಇರಲಿ.

ಇಷ್ಟು ಎಚ್ಚರದ ಮೇಲೆಯೂ ಪ್ರಾಣಿಯು ಏನನ್ನಾದರೂ ನೆಕ್ಕಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಹೋಗಬೇಡಿರಿ. ಸುಡುವ ವಸ್ತುವಾದರೆ ಗಂಟಲನ್ನು ಎರಡನೆಯ ಸಲ ಸುಡುವದು. ಸೀಮೆ ಎಣ್ಣೆಯಂಥದ್ದಾದರೆ ಪುಪ್ಪುಸಕ್ಕೆ ಇಳಿಯುವದು. ಮೈಗೆ ತಾಗಿದ್ದನ್ನು ಬೆಚ್ಚನೆಯ ಸಾಬೂನು ನೀರಿನಿಂದ ತೊಳೆದು, ಮತ್ತೆ ನೆಕ್ಕದಂತೆ ಬಟ್ಟೆ ಸುತ್ತಿ, ಆ ಸೀಸೆಯನ್ನೇ ಜೊತೆಗೆ ಹಿಡಿದುಕೊಂಡು ಕೂಡಲೆ ಪಶುವೈದ್ಯರಲ್ಲಿಗೆ ಹೋಗಿರಿ. ಸೀಸೆಯ ಚೀಟಿಯಲ್ಲಿರುವ ಹೆಸರನ್ನು ಓದಿ ವೈದ್ಯರು ಅರ್ಧ ಘಂಟೆ ಉಳಿಸಿಕೊಳ್ಳುವರು.

ಸಂಜೆ ಕೆಲಸವೆಲ್ಲ ತೀರಿ ಕಪಾಟು ಪೆಟ್ಟಿಗೆಗಳಿಗೆ ಬೀಗ ಹಾಕುವದಕ್ಕೆ ಮುಂಚೆ ಬೆಕ್ಕು ಎಲ್ಲಿದೆಯೆಂಬದನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಿರಿ. ಹೊಸದಾಗಿ ಒರಸಿಟ್ಟ ಖಾಲಿ ಕಪಾಟೆಂದರೆ ಅದಕ್ಕೆ ಬಹಳ ಇಷ್ಟ.