ಸಿ ಭಾಷೆಯ ಅಸುರಕ್ಷಿತ ಫಂಕ್ಷನ್‌ಗಳು ಮತ್ತು ಕಂಪೈಲರ್‌ನ ಎಚ್ಚರಿಕೆಗಳು

ಸಿ ಭಾಷೆಯಲ್ಲಿ ದಶಕಗಳ ಹಿಂದೆ ಬರೆದ ಕ್ರಮವಿಧಿಯೊಂದನ್ನು ಇಂದಿನ ಕಂಪೈಲರ್‌ಗೆ ಒಪ್ಪಿಸಿದಾಗ ಎಚ್ಚರಿಕೆಗಳ ಸಾಲೇ ತೆರೆಯ ಮೇಲೆ ಮೂಡುವುದುಂಟು. 2005ರ ವಿಷುಯಲ್ ಸಿ++ ಆವೃತ್ತಿಯಿಂದೀಚೆಗೆ ‘ಸ್ಟ್ರ್‌ಕಾಪಿ’ಯಂತಹ ಪ್ರಮಾಣಿತ ಫಂಕ್ಷನ್‌ಗಳೂ 4996ನೆಯ ಸಂಖ್ಯೆಯ ಎಚ್ಚರಿಕೆಗೆ ಗುರಿಯಾಗುತ್ತವೆ. ಇದನ್ನು ಆ ಫಂಕ್ಷನ್‌ನ ಹೆಸರಿನ ಮೇಲಿನ ಆಕ್ಷೇಪವೆಂದು ಭಾವಿಸಿ ಹೆಸರನ್ನಷ್ಟೇ ಬದಲಿಸುವುದು ಬಹು ಪ್ರಚಲಿತವಾದ ತಪ್ಪು. ಆಕ್ಷೇಪವಿರುವುದು ಒಂದು ಮಾಹಿತಿಯ ಅಭಾವದ ಬಗ್ಗೆ: ಅಕ್ಷರಮಾಲೆಯನ್ನು ತುಂಬಬೇಕಾದ ಸ್ಥಳದ ಅಳತೆ ‘ಸ್ಟ್ರ್‌ಕಾಪಿ’ಗೆ ತಿಳಿಯುವುದೇ ಇಲ್ಲ. ಮೂಲದಲ್ಲಿ ಶೂನ್ಯ ಬೈಟ್ ಸಿಗುವವರೆಗೂ ಅದು ನಕಲು ಮಾಡುತ್ತಲೇ ಹೋಗುತ್ತದೆ.

ಈ ಅಭಾವದ ಪರಿಣಾಮ 1988ರ ನವೆಂಬರ್ 2ರಂದು ಜಗತ್ತಿಗೆ ಗೋಚರಿಸಿತು. ಅಂದು ಹರಡಿದ ಮೋರಿಸ್ ಹುಳುವು ಬಳಸಿಕೊಂಡ ಮಾರ್ಗಗಳಲ್ಲಿ ಯುನಿಕ್ಸ್‌ನ ‘ಫಿಂಗರ್’ ಸೇವೆಯೂ ಒಂದು. ಅಲ್ಲಿ 512 ಬೈಟ್‌ಗಳ ಬಫರ್‌ಗೆ ‘ಗೆಟ್ಸ್’ ಮೂಲಕ ಓದಲಾಗುತ್ತಿತ್ತು. ಹುಳು ಕಳುಹಿಸಿದ್ದು 536 ಬೈಟ್‌ಗಳನ್ನು. ಹೆಚ್ಚಿನವು ಸ್ಟ್ಯಾಕ್‌ನಲ್ಲಿದ್ದ ಹಿಂದಿರುಗುವ ವಿಳಾಸವನ್ನೇ ಅಳಿಸಿ ಬರೆದವು. ಓದುವ ಮಿತಿಯನ್ನು ತಿಳಿಸುವ ಅವಕಾಶವೇ ಇಲ್ಲದ ಕಾರಣ ‘ಗೆಟ್ಸ್’ ಅನ್ನು ಸುರಕ್ಷಿತವಾಗಿ ಬಳಸಲು ದಾರಿಯಿಲ್ಲ. 2011ರ ಸಿ ಪ್ರಮಾಣಕವು ಅದನ್ನು ಸಂಪೂರ್ಣವಾಗಿ ಕೈಬಿಟ್ಟಿತು. ಅದರ ಸ್ಥಾನದಲ್ಲಿ ‘ಎಫ್‌ಗೆಟ್ಸ್’ ಸಾಕು. ಸಾಲಿನ ಕೊನೆಯ ಚಿಹ್ನೆಯನ್ನು ಅದು ಉಳಿಸಿಕೊಳ್ಳುತ್ತದೆಂಬುದನ್ನಷ್ಟೇ ನೆನಪಿಡಬೇಕು.

‘ಸ್ಟ್ರ್‌ಕಾಪಿ’ಯ ವಿಷಯ ಇಷ್ಟು ಸರಳವಲ್ಲ. ಅನೇಕರು ಆಶ್ರಯಿಸುವ ‘ಸ್ಟ್ರ್‌ಎನ್‌ಕಾಪಿ’ಯು ಆರಂಭದ ಯುನಿಕ್ಸ್‌ನಲ್ಲಿ 14 ಬೈಟ್‌ಗಳ ನಿಶ್ಚಿತ ಅಗಲದ ಕಡತನಾಮಗಳಂತಹ ಕ್ಷೇತ್ರಗಳಿಗೆ ತಕ್ಕುದಾಗಿತ್ತು. ಮೂಲವು ಮಿತಿಯಷ್ಟೇ ಅಥವಾ ಅದಕ್ಕಿಂತ ಉದ್ದವಿದ್ದರೆ ಅದು ಕೊನೆಯ ಶೂನ್ಯವನ್ನು ಹಾಕುವುದೇ ಇಲ್ಲ. ಎಚ್ಚರಿಕೆ ಅಡಗುತ್ತದೆ, ಅಪಾಯ ಮುಂದಿನ ಸಾಲಿಗೆ ಸರಿಯುತ್ತದೆ. ಮೈಕ್ರೋಸಾಫ್ಟ್ ಸೂಚಿಸುವ ‘ಸ್ಟ್ರ್‌ಕಾಪಿ_ಎಸ್’ ಗಮ್ಯದ ಅಳತೆಯನ್ನು ಕೇಳುತ್ತದೆ; ಸ್ಥಳ ಸಾಲದಿದ್ದರೆ ಸಾಮಾನ್ಯವಾಗಿ ಕ್ರಮವಿಧಿಯನ್ನೇ ನಿಲ್ಲಿಸುತ್ತದೆ. ಆದರೆ ಗಮ್ಯದ ಅಳತೆಯ ಬದಲು ಮೂಲದ ಉದ್ದಕ್ಕೆ ಒಂದನ್ನು ಕೂಡಿಸಿ ಕೊಡುವ ಪರಿಪಾಠ ವಿರಳವಲ್ಲ. ಹಾಗೆ ಮಾಡಿದಲ್ಲಿ ಪರೀಕ್ಷೆ ಎಂದೂ ವಿಫಲವಾಗದು, ರಕ್ಷಣೆಯೂ ದೊರೆಯದು. ಪಾಯಿಂಟರ್‌ಗೆ ‘ಸೈಜ್‌ಆಫ್’ ಅನ್ವಯಿಸಿದಾಗಲೂ ಹೀಗೆಯೇ: 64 ಬಿಟ್ ಯಂತ್ರದಲ್ಲಿ ಉತ್ತರ 8, ಬಫರ್ ಎಷ್ಟೇ ದೊಡ್ಡದಿರಲಿ. ಇದಲ್ಲದೆ ಈ ಕುಟುಂಬದ ಫಂಕ್ಷನ್‌ಗಳು 2011ರ ಪ್ರಮಾಣಕದಲ್ಲಿ ಐಚ್ಛಿಕ ಅನುಬಂಧವಾಗಿ ಮಾತ್ರ ಸೇರಿದವು. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಗ್ನೂ ಲೈಬ್ರರಿ ಅವನ್ನು ಅಳವಡಿಸಿಕೊಂಡಿಲ್ಲ.

ಹಲವು ವ್ಯವಸ್ಥೆಗಳಲ್ಲಿ ನಡೆಯಬೇಕಾದ ಕ್ರಮವಿಧಿಗೆ 1999ರ ಪ್ರಮಾಣಕದ ‘ಎಸ್‌ಎನ್‌ಪ್ರಿಂಟ್‌ಎಫ್’ ಹೆಚ್ಚು ಯೋಗ್ಯ. ಶೂನ್ಯವಲ್ಲದ ಅಳತೆ ಕೊಟ್ಟು ಕರೆ ಯಶಸ್ವಿಯಾದಾಗ ಅದು ಶೂನ್ಯದಿಂದಲೇ ಮುಗಿಸುತ್ತದೆ. ಪೂರ್ಣ ಪಠ್ಯಕ್ಕೆ ಬೇಕಿದ್ದ ಉದ್ದವನ್ನು ಹಿಂದಿರುಗಿಸುತ್ತದೆ. ಆ ಉದ್ದವು ಬಫರ್‌ನ ಅಳತೆಗೆ ಸಮನಾಗಿದ್ದರೆ ಅಥವಾ ಮೀರಿದ್ದರೆ ಪಠ್ಯ ಮೊಟಕಾಗಿದೆ ಎಂದರ್ಥ. ಈ ಉತ್ತರವನ್ನು ಪರೀಕ್ಷಿಸದೆ ಬಿಡುವುದು ಅರ್ಧ ಕೆಲಸವೇ ಸರಿ.

ಮೊಟಕಾಗುವಿಕೆಯ ಪ್ರಶ್ನೆ ಭಾರತೀಯ ಲಿಪಿಗಳಿಗೆ ವಿಶೇಷವಾಗಿ ತಟ್ಟುತ್ತದೆ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಬಿಂದುವಿಗೂ 3 ಬೈಟ್‌ಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ವಿರಾಮಚಿಹ್ನೆಯೂ ಸೇರಿ 5 ಬಿಂದುಗಳಿದ್ದು, ಕೊನೆಯ ಶೂನ್ಯದೊಂದಿಗೆ 16 ಬೈಟ್‌ಗಳಾಗುತ್ತವೆ. 12 ಬೈಟ್‌ಗಳ ಬಫರ್‌ಗೆ ಇದನ್ನು ಮೊಟಕುಗೊಳಿಸಿದರೆ ‘ಕನ್’ ಉಳಿದು, ಅದರ ಹಿಂದೆ ಎರಡನೆಯ ನಕಾರದ ಎರಡು ಬೈಟ್‌ಗಳು ಅನಾಥವಾಗಿ ನಿಲ್ಲುತ್ತವೆ. ಸ್ಮೃತಿಯ ದೃಷ್ಟಿಯಿಂದ ಇಲ್ಲಿ ಲೋಪವಿಲ್ಲ. ಪಠ್ಯ ಮಾತ್ರ ಕೆಟ್ಟಿದೆ. ಹಿಂದಕ್ಕೆ ಸರಿದು ಬಿಂದುವಿನ ಆರಂಭದಲ್ಲಿ ಕತ್ತರಿಸಿದರೆ ಸಂಕೇತ ಶುದ್ಧವಾಗುತ್ತದೆ, ಪದ ಬೇರೆಯೇ ಆಗುತ್ತದೆ. ಹೆಸರು, ಊರು, ವಿಳಾಸಗಳನ್ನು ದಾಖಲಿಸುವ ಕ್ರಮವಿಧಿಗಳಲ್ಲಿ ಕತ್ತರಿಸುವುದಕ್ಕಿಂತ ದಾಖಲೆಯನ್ನು ನಿರಾಕರಿಸಿ ತಿಳಿಸುವುದು ಲೇಸು.

ಎಚ್ಚರಿಕೆಯನ್ನು ಅಡಗಿಸುವ ಸೂಚಕಗಳೂ ಉಂಟು. ಗಮ್ಯದ ಅಳತೆಯನ್ನು ಮೂಲದ ಉದ್ದದೊಂದಿಗೆ ಹಿಂದಿನ ಸಾಲಿನಲ್ಲೇ ಹೋಲಿಸಿರುವ ಕಡೆ ‘ಸ್ಟ್ರ್‌ಕಾಪಿ’ ನಿರುಪದ್ರವಿ. ಅಲ್ಲಿ ಆ ಒಂದು ಸಾಲಿಗೆ ಸೀಮಿತವಾಗಿ, ಕಾರಣವನ್ನು ಟಿಪ್ಪಣಿಯಲ್ಲಿ ಬರೆದು, ಎಚ್ಚರಿಕೆಯನ್ನು ನಿಲ್ಲಿಸಬಹುದು. ಇಡೀ ಯೋಜನೆಗೇ ಅನ್ವಯಿಸುವಂತೆ ನಿಲ್ಲಿಸಿದರೆ, ಮುಂದೆ ಮತ್ತೊಬ್ಬರು ಬರೆಯುವ ಅಪಾಯಕಾರಿ ಸಾಲಿಗೂ ಕಂಪೈಲರ್ ಮೌನವಾಗಿಯೇ ಇರುತ್ತದೆ.