‘ಸ್ಪೈಡರ್‌ಮ್ಯಾನ್’ ಆದಿಕಥೆಯಲ್ಲಿ ವಕ್ತೃವಿಚಾರ

ಒಂದು ಕೃತಿಯನ್ನು ಮೂಲದಲ್ಲಿ ಓದಿದವರಿಗಿಂತ ಅದರ ವಿಷಯವನ್ನು ಕೇಳಿ ಬಲ್ಲವರೇ ಹೆಚ್ಚಾದಾಗ, ಮೂಲದಲ್ಲಿಲ್ಲದ ಸಂಗತಿಯೂ ಅದರ ಹೆಸರಿನಲ್ಲಿ ನೆಲೆಗೊಳ್ಳುವುದುಂಟು. ಅಮೆರಿಕದ ಚಿತ್ರಕಥಾಸಾಹಿತ್ಯದಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನವೊಂದಿದೆ.

‘ಅಮೇಜಿಂಗ್ ಫ್ಯಾಂಟಸಿ’ ಪತ್ರಿಕೆಯ 15ನೆಯ ಸಂಚಿಕೆಯು 1962ನೆಯ ಆಗಸ್ಟ್ ತಿಂಗಳ ಅಂಕಿತದಿಂದ ಪ್ರಕಟವಾಯಿತು. ಅದರ ಬೆಲೆ 12 ಸೆಂಟು. ಆ ಸಂಚಿಕೆಯೊಡನೆ ಪತ್ರಿಕೆಯು ನಿಂತುಹೋಯಿತಾದರೂ, ಸ್ಟಾನ್ ಲೀ ಬರೆದು ಸ್ಟೀವ್ ಡಿಟ್ಕೊ ಚಿತ್ರಿಸಿದ 11 ಪುಟಗಳ ಒಂದು ಕಥೆಯಿಂದ ಅದರ ಹೆಸರು ಉಳಿದಿದೆ. ‘ಸ್ಪೈಡರ್‌ಮ್ಯಾನ್’ ಮೊದಲು ಕಾಣಿಸಿಕೊಂಡುದು ಇದರಲ್ಲಿಯೇ.

ಕಥಾಸಾರವು ಹೀಗಿದೆ: ದೊಡ್ಡಪ್ಪ ಬೆನ್, ದೊಡ್ಡಮ್ಮ ಮೇ ಇವರ ಆಶ್ರಯದಲ್ಲಿ ಬೆಳೆದ ಪೀಟರ್ ಪಾರ್ಕರ್ ಎಂಬ ವಿದ್ಯಾರ್ಥಿಯು ವಿಕಿರಣಕ್ಕೊಳಗಾದ ಜೇಡವೊಂದು ಕಚ್ಚಿದುದರಿಂದ ಅಸಾಧಾರಣ ಬಲವನ್ನು ಪಡೆಯುತ್ತಾನೆ. ಅದನ್ನು ಹಣಕ್ಕೂ ಕೀರ್ತಿಗೂ ಬಳಸತೊಡಗಿದ ಅವನು, ಓಡಿಹೋಗುತ್ತಿದ್ದ ಕಳ್ಳನೊಬ್ಬನನ್ನು ತನಗೇಕೆಂದು ಬಿಟ್ಟುಬಿಡುತ್ತಾನೆ. ಅನಂತರ ದೊಡ್ಡಪ್ಪನ ಕೊಲೆಯಾಗುತ್ತದೆ. ಕೊಲೆಗಾರನನ್ನು ಹಿಡಿದು ಮುಖವನ್ನು ನೋಡಿದಾಗ, ಅವನು ಆ ಕಳ್ಳನೇ ಎಂದು ತಿಳಿಯುತ್ತದೆ.

ಮಹಾಬಲದೊಡನೆ ಮಹಾಹೊಣೆಯೂ ಬರಬೇಕೆಂಬ ಈ ಕಥೆಯ ನೀತಿಯು ಲೋಕಪ್ರಸಿದ್ಧವಾದುದು. ಅದನ್ನು ದೊಡ್ಡಪ್ಪನು ಪೀಟರನಿಗೆ ಉಪದೇಶಿಸಿದನೆಂದು ಬಹುಮಂದಿ ನಂಬಿದ್ದಾರೆ. ಆದರೆ ಮೂಲದಲ್ಲಿ ಬೆನ್ ಆಡುವುದು ವಾತ್ಸಲ್ಯದ ಮನೆಮಾತುಗಳನ್ನು ಮಾತ್ರ. ನೀತಿವಾಕ್ಯವು ಬರುವುದು ಕಡೆಯ ಚಿತ್ರದಲ್ಲಿ. ಅದೂ ಪಾತ್ರದ ಮಾತಾಗಿ ಅಲ್ಲ, ನಿರೂಪಕನ ಬರಹವಾಗಿ. ಮೌನವಾಗಿ ಕತ್ತಲಿನೊಳಕ್ಕೆ ನಡೆದುಹೋಗುವ ನಾಯಕನಿಗೆ ಈ ಸತ್ಯವು ಕೊನೆಗೆ ಅರಿವಾಯಿತೆಂದು ಆ ಬರಹವು ತಿಳಿಸುತ್ತದೆ.

ಕವಿಯ ಉಕ್ತಿ ಬೇರೆ, ಕವಿಯು ಕಲ್ಪಿಸಿದ ಪಾತ್ರದ ಉಕ್ತಿ ಬೇರೆ ಎಂದು ನಮ್ಮ ಆಲಂಕಾರಿಕರು ವಿಂಗಡಿಸಿರುವುದರ ಪ್ರಯೋಜನವು ಇಂತಹ ಸ್ಥಳದಲ್ಲಿ ತಿಳಿಯುತ್ತದೆ. ವಾಕ್ಯವನ್ನು ದೊಡ್ಡಪ್ಪನ ಬಾಯಲ್ಲಿಟ್ಟರೆ ಕಥೆಯು ಹಿರಿಯರ ಮಾತನ್ನು ಮೀರಿ ಕೆಟ್ಟವನ ಕಥೆಯಾಗುತ್ತದೆ, ದೋಷವು ಅವಿಧೇಯತೆಯಾಗುತ್ತದೆ. ಮೂಲದಲ್ಲಾದರೋ ಅವನನ್ನು ಎಚ್ಚರಿಸಿದವರು ಯಾರೂ ಇಲ್ಲ. ಅವನು ಮೀರಿದುದು ಉಪದೇಶವನ್ನಲ್ಲ, ಹೇಳದೆಯೇ ತಿಳಿಯಬೇಕಾಗಿದ್ದ ಧರ್ಮವನ್ನು. ಅರಿವು ಅವನ ಸ್ವಂತ ಗಳಿಕೆ. ಅದಕ್ಕೆ ತೆತ್ತ ಬೆಲೆ ಮಾತ್ರ ಇನ್ನೊಬ್ಬರ ಪ್ರಾಣ. ದುರಂತದ ತೀಕ್ಷ್ಣತೆಯಿರುವುದು ಇಲ್ಲಿಯೇ.

ಮುಂದಿನ ಚಿತ್ರಕಥೆಗಳು ಈ ಮಾತನ್ನು ಬೆನ್‌ನದಾಗಿ ಮಾಡಿಕೊಂಡವು. 2002ರ ಚಲನಚಿತ್ರದಲ್ಲಿ ಅವನು ಅದನ್ನು ಕಾರಿನಲ್ಲಿ ಕುಳಿತು ಹೇಳುತ್ತಾನೆ. 2021ರ ಚಿತ್ರದಲ್ಲಿ ಅದು ದೊಡ್ಡಮ್ಮನ ಕಡೆಯ ಮಾತುಗಳಲ್ಲೊಂದಾಗಿದೆ. ಇವನ್ನು ಪ್ರಮಾದವೆಂದು ತಳ್ಳಬೇಕಾಗಿಲ್ಲ. ಜೀವಂತವಾದ ಕಥೆಯು ಪಾಠಾಂತರಗಳನ್ನು ಪಡೆಯುವುದು ಸಹಜವೇ. ಆದರೆ ಪಾಠಾಂತರವನ್ನೇ ಮೂಲವೆಂದು ವಿಮರ್ಶಿಸುವುದು ತರವಲ್ಲ. 2015ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸ್ಪೈಡರ್‌ಮ್ಯಾನ್ ಆಟಿಕೆಯೊಂದರ ಪೇಟೆಂಟ್ ವ್ಯಾಜ್ಯದ ತೀರ್ಪಿನಲ್ಲಿ ಈ ವಾಕ್ಯವನ್ನು ಉದ್ಧರಿಸಿದಾಗ, ನ್ಯಾಯಮೂರ್ತಿ ಎಲೀನಾ ಕೇಗನ್ ಅವರು ಬೆನ್‌ನನ್ನು ಹೆಸರಿಸದೆ, ಕರ್ತೃಗಳನ್ನೂ ಸಂಚಿಕೆಯನ್ನೂ ಪುಟವನ್ನೂ ನಮೂದಿಸಿದರು. ಪಾಂಡಿತ್ಯದ ಕ್ರಮವೂ ಇದೇ.

ಈ ಸಂಚಿಕೆಗಾಗಿ ಡಿಟ್ಕೊ ಬರೆದ ಮೂಲಚಿತ್ರಗಳನ್ನು 2008ರಲ್ಲಿ ಅನಾಮಧೇಯ ದಾನಿಯೊಬ್ಬರು ಅಮೆರಿಕದ ‘ಲೈಬ್ರರಿ ಆಫ್ ಕಾಂಗ್ರೆಸ್’ಗೆ ಅರ್ಪಿಸಿದರು. ಹಸ್ತಪ್ರತಿಗಳಂತೆ ಅವು ರಕ್ಷಿತವಾಗಿವೆ. 12 ಸೆಂಟಿನ ಪತ್ರಿಕೆಯೆಂದು ಅಲಕ್ಷಿಸದೆ, ಯಾವ ಮಾತನ್ನು ಯಾರು, ಎಲ್ಲಿ, ಯಾರಿಗೆ ಹೇಳಿದರೆಂದು ವಿಚಾರಿಸುವ ಓದನ್ನು ಅವೂ ಬೇಡುತ್ತವೆ.